ಮುಂಬಯಿ ಮಳೆಯಲ್ಲೂ ಒಣಗಬೇಕು: ಹುಟ್ಟಲಿರುವ ಮಗುವಿಗೆ ಲಂಗೋಟಿ, ಬಟ್ಟೆ ಸಿದ್ಧ ಮಾಡುವ ಬಗೆ

ಡೊಂಬಿವಲಿ, ಠಾಣೆ, ಮುಲುಂಡ್, ವಸಾಯಿ ಕಡೆಯ ನಮ್ಮವರ ಮನೆಗಳಲ್ಲಿ ಏಳು ತಿಂಗಳು ತುಂಬುತ್ತಿದ್ದಂತೆ ಒಂದು ಪ್ರಶ್ನೆ ಏಳುತ್ತದೆ. ಮಗುವಿಗೆ ಎಷ್ಟು ಲಂಗೋಟಿ ಬೇಕು? ಊರಲ್ಲಿರುವ ಅಮ್ಮ ಒಂದು ಲೆಕ್ಕ ಹೇಳುತ್ತಾರೆ, ಅತ್ತೆ ಇನ್ನೊಂದು ಹೇಳುತ್ತಾರೆ, ಆನ್‌ಲೈನ್ ಅಂಗಡಿಯ ಪಟ್ಟಿಯಲ್ಲಿ ಮತ್ತೊಂದು ಇರುತ್ತದೆ. ಈ ಮೂರರಲ್ಲೂ ಮುಂಬಯಿಯ ತೇವದ ಲೆಕ್ಕ ಇರುವುದಿಲ್ಲ. ಊರಲ್ಲಿ ಹಿತ್ತಲಿದೆ, ಬಿಸಿಲಿದೆ. ಬೆಳಗ್ಗೆ ಹರವಿದ ಬಟ್ಟೆ ಮಧ್ಯಾಹ್ನಕ್ಕೆ ಗರಿಗರಿ ಆಗಿರುತ್ತದೆ. ಇಲ್ಲಿ ಕಿಟಕಿಯ ಗ್ರಿಲ್ಲಿಗೆ ಕಟ್ಟಿದ ಎರಡು ಹಗ್ಗ, ಎದುರಿಗೆ ಇನ್ನೊಂದು ಕಟ್ಟಡ, ಜುಲೈ ತಿಂಗಳಲ್ಲಿ ಗಾಳಿಯಲ್ಲಿ ಶೇ 80ಕ್ಕೂ ಜಾಸ್ತಿ ತೇವ.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಲೆಕ್ಕವನ್ನು ಮಗುವಿನಿಂದ ಶುರು ಮಾಡಬೇಡಿ, ಬಟ್ಟೆ ಒಣಗುವ ಹಗ್ಗದಿಂದ ಶುರು ಮಾಡಿ. ಯಾವ ಬಟ್ಟೆ, ಎಷ್ಟು ದಪ್ಪ, ಎಷ್ಟು ತುಂಡು, ಎಲ್ಲವೂ ಅಲ್ಲಿಂದಲೇ ತೀರ್ಮಾನವಾಗುತ್ತದೆ.

ಮೊದಲು ಹಗ್ಗ ನೋಡಿ

ಹೆರಿಗೆ ಯಾವ ತಿಂಗಳು? ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11, ಹಿಂದೆ ಸರಿಯುವ ದಿನ ಅಕ್ಟೋಬರ್ 8. ಮೇ ಕೊನೆಯಿಂದ ಸೆಪ್ಟೆಂಬರ್ ತನಕ ಹುಟ್ಟುವ ಮಗುವಿನ ಮೊದಲ ವಾರಗಳೆಲ್ಲ ಮಳೆಯಲ್ಲೇ ಕಳೆಯುತ್ತವೆ. ನವೆಂಬರ್‌ನಿಂದ ಏಪ್ರಿಲ್ ತನಕ ಹುಟ್ಟಿದರೆ ನಿಮ್ಮ ಕೆಲಸ ಅರ್ಧ ಹಗುರ.

ಎರಡನೆಯದು, ಒಂದು ಸಣ್ಣ ಪರೀಕ್ಷೆ. ಹಳೆ ಪಂಚೆಯ ತುಂಡೊಂದನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಮನೆಯೊಳಗೆ ಫ್ಯಾನಿನ ಕೆಳಗೆ ಹರವಿ. ಪಕ್ಕದಲ್ಲೇ ಒಂದು ದಪ್ಪ ಟವೆಲ್ ಹರವಿ. ಎರಡೂ ಒಣಗಲು ಎಷ್ಟು ಗಂಟೆ ಬೇಕು ನೋಡಿ. ತೆಳು ಬಟ್ಟೆ ಒಂದು ರಾತ್ರಿಯಲ್ಲಿ ಒಣಗಿದರೆ, ಟವೆಲ್ಲು ಮರುದಿನ ಮಧ್ಯಾಹ್ನವೂ ತಣ್ಣಗೆ ಇರುತ್ತದೆ. ದಪ್ಪ ಲಂಗೋಟಿಯ ಗತಿಯೂ ಅದೇ. ಅಂಗಡಿಯಲ್ಲಿ ಮೆತ್ತಗೆ, ದಪ್ಪಗೆ ಕಂಡದ್ದು ಮಳೆಗಾಲದ ಮನೆಯಲ್ಲಿ ಮುಗ್ಗುಲು ವಾಸನೆ ಹಿಡಿಯುತ್ತದೆ. ತೆಳುವಾದ ದೊಡ್ಡ ತುಂಡನ್ನು ಮಡಿಸಿ ದಪ್ಪ ಮಾಡಿಕೊಳ್ಳುವುದೇ ಇಲ್ಲಿಗೆ ಸರಿ. ಕಟ್ಟುವಾಗ ನಾಲ್ಕು ಪದರ, ಒಣಗಿಸುವಾಗ ಒಂದೇ ಪದರ.

ಈಗ ಸಂಖ್ಯೆ. ಹುಟ್ಟಿದ ಮೊದಲ ದಿನ ಮಗು ಒಂದೆರಡು ಸಲ ಮಾತ್ರ ಉಚ್ಚೆ ಮಾಡಬಹುದು. ಹಾಲು ಚೆನ್ನಾಗಿ ಬರತೊಡಗಿದ ಮೇಲೆ, ಅಂದರೆ ಐದಾರನೇ ದಿನದಿಂದ, ದಿನಕ್ಕೆ ಕಡಿಮೆಯೆಂದರೂ ಆರು ಸಲ ಲಂಗೋಟಿ ಒದ್ದೆಯಾಗಬೇಕು. ಮಗುವಿಗೆ ಹಾಲು ಸಾಲುತ್ತಿದೆ ಎನ್ನುವುದಕ್ಕೆ ಅದೂ ಒಂದು ಗುರುತು. ಕಕ್ಕವೂ ಸೇರಿ ದಿನಕ್ಕೆ ಹತ್ತು ಹನ್ನೆರಡು ಸಲ ಬದಲಾಯಿಸುವುದು ಮಾಮೂಲು. ಹನ್ನೆರಡು ಎಂದೇ ಇಟ್ಟುಕೊಳ್ಳಿ. ಬಿಸಿಲಿನ ತಿಂಗಳಲ್ಲಿ ಮೈಮೇಲೊಂದು ದಿನದ್ದು, ಹಗ್ಗದ ಮೇಲೊಂದು ದಿನದ್ದು ಸೇರಿ 24 ಸಾಕು. ಮಳೆಯಲ್ಲಿ ಹಗ್ಗದ ಮೇಲೆ ಎರಡು ದಿನದ ಬಟ್ಟೆ ಕೂತಿರುತ್ತದೆ, ಹಾಗಾಗಿ 36 ಬೇಕು. ಅದಕ್ಕಿಂತ ಜಾಸ್ತಿ ಮಾಡಿದರೆ ಇಡಲು ಜಾಗವಿಲ್ಲ, ಒಗೆಯುವುದನ್ನು ಮುಂದೂಡುವ ಆಸೆಯೂ ಬರುತ್ತದೆ.

ಹನ್ನೆರಡು ಲಂಗೋಟಿ ಸಾಲಾಗಿ ಹರವಲು ಸುಮಾರು ಏಳು ಮೀಟರ್ ಹಗ್ಗ ಬೇಕು. ಚಾವಣಿಗೆ ಹಾಕಿಸಿ, ಹಗ್ಗ ಎಳೆದು ಮೇಲೇರಿಸುವ ಆರು ಕೋಲಿನ ಸ್ಟ್ಯಾಂಡ್ ಈ ನಗರದ ಎಷ್ಟೋ ಮನೆಗಳಲ್ಲಿ ಇದೆ ಅಲ್ವಾ? ಐದಡಿ ಕೋಲುಗಳಾದರೆ ಒಟ್ಟು ಒಂಬತ್ತು ಮೀಟರ್ ಸಿಗುತ್ತದೆ. ಇಲ್ಲದಿದ್ದರೆ ಮಗುವಿನ ಬೇರೆ ಸಾಮಾನು ಏನೂ ಕೊಳ್ಳುವ ಮೊದಲು ಇದನ್ನು ಹಾಕಿಸಿ. ತೊಟ್ಟಿಲಿಗಿಂತ ಇದರ ಕೆಲಸ ದೊಡ್ಡದು.

ಹಳೆ ಬಟ್ಟೆ ಆರಿಸುವುದು

ಹೆರಿಗೆಗೆ ಮುಂಚೆ ಹೊಸ ಬಟ್ಟೆ ತರಬಾರದು ಎನ್ನುವ ವಾಡಿಕೆ ನಮ್ಮ ಎಷ್ಟೋ ಮನೆಗಳಲ್ಲಿದೆ. ಅದನ್ನು ಪಾಲಿಸುವವರಿಗೆ ಇಲ್ಲಿ ತೊಂದರೆಯೇನಿಲ್ಲ. ಎಳೆ ಚರ್ಮಕ್ಕೆ ಹತ್ತಾರು ವರ್ಷ ಒಗೆದು ಮೆತ್ತಗಾದ ಹತ್ತಿ ಬಟ್ಟೆಯಷ್ಟು ಒಳ್ಳೆಯದು ಅಂಗಡಿಯಲ್ಲಿ ಸಿಗುವುದು ಕಷ್ಟ. ಊರಿನಿಂದ ಮತ್ಸ್ಯಗಂಧ ರೈಲಿನಲ್ಲೋ ಉದ್ಯಾನ್‌ನಲ್ಲೋ ಬರುವ ಅಮ್ಮನಿಗೆ ಮೊದಲೇ ಫೋನ್ ಮಾಡಿ ಹೇಳಿ. ಉಪ್ಪಿನಕಾಯಿಯ ಭರಣಿ ಆಮೇಲೆ ಬರಲಿ, ಅಪ್ಪನ ಹಳೆ ಪಂಚೆ ಮೊದಲು ಬರಲಿ.

ಹಳೆಯದೆಲ್ಲ ಹತ್ತಿಯಲ್ಲ. ಎರಡು ಪರೀಕ್ಷೆ ಮಾಡಿ. ಅಂಚಿನಿಂದ ಒಂದು ಎಳೆ ಕಿತ್ತು, ಸಿಂಕಿನ ಮೇಲೆ ಹಿಡಿದು ಬೆಂಕಿ ತಾಗಿಸಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಅದು ಹತ್ತಿ. ಕರಗಿ ಗಟ್ಟಿ ಮಣಿಯ ಹಾಗೆ ಆದರೆ ಅದರಲ್ಲಿ ಪಾಲಿಯೆಸ್ಟರ್ ಇದೆ, ಬೇಡ. ಇನ್ನೊಂದು ಪರೀಕ್ಷೆ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡುವುದು. ತಟ್ಟನೆ ಒಳಗೆ ಇಳಿಯಬೇಕು. ಹನಿ ಹಾಗೇ ನಿಂತರೆ ಆ ಬಟ್ಟೆ ಉಚ್ಚೆಯನ್ನೂ ಹೀರುವುದಿಲ್ಲ. ಜರಿ, ಕಸೂತಿ, ಗುಂಡಿ, ಗಂಜಿ ಹಾಕಿ ಗಟ್ಟಿಯಾದ ಬಟ್ಟೆ ಇವೆಲ್ಲ ಬದಿಗಿರಲಿ. ಬಣ್ಣ ಬಿಡುವ ಸೀರೆಯೂ ಬೇಡ.

ಇದಕ್ಕಿಂತ ಮುಖ್ಯವಾದ ಒಂದು ವಿಷಯವಿದೆ. ಇದನ್ನು ಓದುವವರು ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬಾರದು ಎಂದು ನನ್ನ ಆಸೆ. ಪೆಟ್ಟಿಗೆಯಲ್ಲಿ ನುಸಿ ಗುಳಿಗೆ, ಅಂದರೆ ಬಿಳಿ ಡಾಂಬರು ಗುಳಿಗೆ ಹಾಕಿಟ್ಟಿದ್ದ ಬಟ್ಟೆಯನ್ನು ಮಗುವಿಗೆ ಬಳಸಬೇಡಿ. ಆ ಗುಳಿಗೆಯಲ್ಲಿ ನ್ಯಾಫ್ತಲೀನ್ ಇರುತ್ತದೆ. ಅದರ ಆವಿ ಬಟ್ಟೆಯೊಳಗೆ ಕೂತು ಮಗುವಿನ ಉಸಿರಿನಿಂದಲೂ ಚರ್ಮದಿಂದಲೂ ಒಳಗೆ ಹೋಗುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಇದರಿಂದ ರಕ್ತದ ಕೆಂಪು ಕಣಗಳು ಒಡೆಯುತ್ತವೆ, ಕಾಮಾಲೆ ಜೋರಾಗಿ ಏರುತ್ತದೆ. ಮಿತಿ ಮೀರಿದ ಕಾಮಾಲೆ ಎಳೆಯ ಮಗುವಿನ ಮೆದುಳಿಗೇ ಏಟು ಕೊಡಬಲ್ಲದು. ಕೊರತೆ ಇರುವ ಮಗು ನೋಡಲು ಎಲ್ಲ ಮಕ್ಕಳಂತೆಯೇ ಇರುತ್ತದೆ, ರಕ್ತ ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ. ಹಾಗಾಗಿ ಎಲ್ಲರೂ ಜಾಗ್ರತೆ ಮಾಡುವುದೇ ಒಳ್ಳೆಯದು. ಅಜ್ಜಿ ಜೋಪಾನವಾಗಿ ಎತ್ತಿಟ್ಟ ಕೌದಿ, ಅತ್ತಿಗೆಯ ಮಗುವಿನ ಸ್ವೆಟರು, ನಾಮಕರಣಕ್ಕೆ ಉಡಿಸುವ ರೇಷ್ಮೆ ತುಂಡು, ಎಲ್ಲವನ್ನೂ ಮೂಸಿ ನೋಡಿ. ಆ ವಾಸನೆ ಇದ್ದರೆ ದೊಡ್ಡವರ ಬಳಕೆಗೆ ಬಿಡಿ. ನೀವು ಸಿದ್ಧ ಮಾಡಿದ ಬಟ್ಟೆಗಳ ನಡುವೆಯೂ ಆ ಗುಳಿಗೆಯಾಗಲಿ ಕರ್ಪೂರವಾಗಲಿ ಇಡಬೇಡಿ. ಒಣಗಿದ ಬೇವಿನ ಎಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಟ್ಟರೆ ಸಾಕು.

ಹರಿಯುವುದು, ಹೊಲಿಸುವುದು

ಎಂಟು ಮೊಳದ ಒಂದು ಪಂಚೆಯಲ್ಲಿ 60 ಸೆಂಟಿಮೀಟರಿನ ಹನ್ನೆರಡು ಚೌಕ ಬರುತ್ತವೆ. ಉದ್ದಕ್ಕೆ ಆರು, ಅಗಲಕ್ಕೆ ಎರಡು. ಮೂರು ಪಂಚೆ ಸಿಕ್ಕಿದರೆ ಮಳೆಗಾಲದ 36 ಲಂಗೋಟಿ ಅಲ್ಲಿಗೇ ಮುಗಿಯಿತು. ಹತ್ತಿ ಸೀರೆಯಿಂದ ಸೆರಗು, ಅಂಚು ತೆಗೆದ ಮೇಲೆ ಅರ್ಧ ಮೀಟರಿನ ಹದಿನೆಂಟು ಇಪ್ಪತ್ತು ತುಂಡು ಸಿಗುತ್ತವೆ. ಅವನ್ನು ಲಂಗೋಟಿಯ ಒಳಗಿಡುವ ಮಡಿಕೆಗೆ, ಒರೆಸುವುದಕ್ಕೆ, ಹಾಲು ಕಕ್ಕಿದಾಗ ಹೆಗಲ ಮೇಲೆ ಹಾಕಿಕೊಳ್ಳುವುದಕ್ಕೆ ಇಡಿ.

ಕತ್ತರಿಯಲ್ಲಿ ಅಂಚಿಗೆ ಒಂದು ಸಣ್ಣ ಕಚ್ಚು ಹಾಕಿ, ಎರಡೂ ಕೈಯಲ್ಲಿ ಹಿಡಿದು ಹರಿಯಿರಿ. ಹತ್ತಿ ಬಟ್ಟೆ ಎಳೆಯ ಗುಂಟ ನೇರವಾಗಿ ಹರಿಯುತ್ತದೆ. ಕತ್ತರಿಸಿದರೆ ಓರೆಯಾಗುತ್ತದೆ, ಒಗೆದ ಮೇಲೆ ಇನ್ನೂ ಸೊಟ್ಟ. ಹರಿದ ಅಂಚಿನ ದಾರ ಬಿಡದ ಹಾಗೆ ಹೊಲಿಸಬೇಕು. ಮುಂಬಯಿಯ ಪ್ರತಿ ಗಲ್ಲಿಯಲ್ಲಿ ಫಾಲ್, ಪಿಕೋ ಮಾಡುವ ಅಂಗಡಿ ಇದ್ದೇ ಇರುತ್ತದೆ. ಅವರಿಗೆ ಓವರ್‌ಲಾಕ್ ಮಾಡಿಕೊಡಿ ಎನ್ನಿ. ಮಡಚಿ ಹೊಲಿದ ದಪ್ಪ ಅಂಚು ಬೇಡ. ಅದು ತೊಡೆಯ ಸಂದಿಯಲ್ಲಿ ಒತ್ತುತ್ತದೆ, ಎಲ್ಲಕ್ಕಿಂತ ಕೊನೆಗೆ ಒಣಗುತ್ತದೆ.

ಬಿಟ್ಟ ದಾರದ ವಿಷಯ ಸಣ್ಣದಲ್ಲ. ಕಾಲುಚೀಲ, ಕೈಗವಸುಗಳ ಒಳಗೆ ಸಡಿಲ ದಾರ ಇದ್ದರೆ ಅದು ಮಗುವಿನ ಬೆರಳಿಗೆ ಸುತ್ತಿ, ರಕ್ತ ಓಡದೆ ಬೆರಳು ಊದಿಕೊಳ್ಳಬಹುದು. ತಾಯಿಯ ಉದ್ದ ಕೂದಲೂ ಅಷ್ಟೇ. ತೊಡಿಸುವ ಮೊದಲು ಒಳಮೈ ಹೊರಗೆ ಮಾಡಿ ನೋಡಿ, ದಾರವಿದ್ದರೆ ಕತ್ತರಿಸಿ. ಮಗು ಕಾರಣವಿಲ್ಲದೆ ಒಂದೇ ಸಮನೆ ಅತ್ತರೆ ಬೆರಳುಗಳನ್ನೂ ನೋಡಿ.

ಅಂಗಡಿಯಿಂದ ತರುವುದಾದರೆ

ಹಳೆ ಬಟ್ಟೆ ಸಾಲದವರು ಮಲ್‌ಮಲ್ ಬಟ್ಟೆಯನ್ನು ಮೀಟರಿನ ಲೆಕ್ಕದಲ್ಲಿ ತರಬಹುದು. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಮಂಗಲದಾಸ್ ಮಾರ್ಕೆಟ್ಟಿನಲ್ಲಿ ಹತ್ತಿ ಬಟ್ಟೆಯ ಅಂಗಡಿಗಳು ಸಾಲಾಗಿವೆ. ದಿನ ತುಂಬಿದವರು ಆ ನೂಕುನುಗ್ಗಲಿಗೆ ಹೋಗುವುದು ಬೇಡ, ಮನೆಯವರನ್ನು ಕಳಿಸಿ. ಸಿದ್ಧ ಲಂಗೋಟಿ, ಜಬಲಾ ಬೇಕಾದವರಿಗೆ ದಾದರ್ ಸ್ಟೇಷನ್ನಿನ ಪಶ್ಚಿಮದ ಬೀದಿಗಳು ಅನುಕೂಲ. ಡೊಂಬಿವಲಿಯವರು ಫಡ್ಕೆ ರಸ್ತೆಯ ಸುತ್ತಮುತ್ತ ನೋಡಿದರೆ ಸಾಕು, ಲೋಕಲ್ ಹತ್ತುವ ಅಗತ್ಯವೇ ಇಲ್ಲ. ಅಂಗಡಿಯವರಿಗೆ ಮರಾಠಿಯಲ್ಲಿ ಲಂಗೋಟ್, ಝಬಲೆ, ಸುತ್ತುವ ಬಟ್ಟೆಗೆ ದುಪಟೆ, ಟೋಪಿಗೆ ಟೋಪರೆ ಎಂದರೆ ತಕ್ಷಣ ತೆಗೆದುಕೊಡುತ್ತಾರೆ.

ಬಟನ್ ಹಾಕುವ, ಒಳಗೆ ಪ್ಯಾಡ್ ತುರುಕುವ ಹೊಸ ಬಗೆಯ ಬಟ್ಟೆ ಡಯಾಪರುಗಳ ಬಗ್ಗೆ ನನ್ನನ್ನು ಜಾಸ್ತಿ ಜನ ಕೇಳುತ್ತಾರೆ. ಅವು ಒಳ್ಳೆಯವೇ. ಹೊರಗೆ ಹೋಗುವಾಗ, ರಾತ್ರಿ ಹೊತ್ತು ಅನುಕೂಲ. ಆದರೆ ಮೊದಲ ತಿಂಗಳಿಗೆ ಬೇಡ ಎಂದೇ ನನ್ನ ಅಭಿಪ್ರಾಯ. ಎಲ್ಲ ವಯಸ್ಸಿಗೂ ಒಂದೇ ಅಳತೆ ಎಂದು ಮಾರುವ ಡಯಾಪರು ಮೂರು ಕಿಲೋ ಮಗುವಿನ ಸಣ್ಣ ತೊಡೆಗೆ ಸಡಿಲವಾಗಿ ಸೋರುತ್ತದೆ. ಮೇಲಾಗಿ ಅದರ ದಪ್ಪ ಪ್ಯಾಡು ಮಳೆಯಲ್ಲಿ ಒಣಗಲು ಒಂದೂವರೆ ದಿನವಾದರೂ ಬೇಕು. ಒಂದೆರಡು ಮಾತ್ರ ತಂದು, ಮಗುವಿಗೆ ಎರಡು ತಿಂಗಳಾದ ಮೇಲೆ ಹಾಕಿ ನೋಡಿ. ಹಿಡಿಸಿದರೆ ಆಗ ಇನ್ನಷ್ಟು ತರಬಹುದು. ಮೈಕ್ರೋಫೈಬರ್ ಎಂಬ ಕೃತಕ ನೂಲಿನ ಪ್ಯಾಡು ನೇರವಾಗಿ ಚರ್ಮಕ್ಕೆ ತಾಗಬಾರದು. ಅದು ಚರ್ಮದ ಪಸೆಯನ್ನೂ ಹೀರಿಬಿಡುತ್ತದೆ.

ನೀರು ತಡೆಯುವ ಹೊರಗಿನ ಕವರ್ ನಾಲ್ಕು ಸಾಕು. ಗಾಳಿಯಾಡುವ ಪಿಯುಎಲ್, ಅಂದರೆ ಒಂದು ಬದಿಗೆ ನೀರು ಇಳಿಯದ ತೆಳು ಪದರ ಅಂಟಿಸಿದ ಬಟ್ಟೆಯದ್ದಾಗಲಿ. ಬರೀ ಪ್ಲಾಸ್ಟಿಕ್ಕಿನ ಚಡ್ಡಿ ಬೇಡ. ಮನೆಯಲ್ಲಿರುವಾಗ ಕವರ್ ಹಾಕದೆ, ಕೆಳಗೆ ರಬ್ಬರ್ ಶೀಟ್ ಹಾಕಿ ಅದರ ಮೇಲೆ ಹತ್ತಿ ಬಟ್ಟೆ ಹಾಸಿದರೆ ಚರ್ಮಕ್ಕೆ ಗಾಳಿ ಸಿಗುತ್ತದೆ. ರಬ್ಬರ್ ಶೀಟ್ ಎರಡಿರಲಿ.

ಮೈಗೆ ತೊಡಿಸುವುದು

ನಾಮಕರಣಕ್ಕೆ ಬಂದವರೆಲ್ಲ ಬಟ್ಟೆಯನ್ನೇ ತರುತ್ತಾರೆ. ಹಾಗಾಗಿ ಮೊದಲ ಹನ್ನೆರಡು ದಿನ ದಾಟುವಷ್ಟು ಇದ್ದರೆ ಸಾಕು. ಮುಂದಿನಿಂದ ಕಟ್ಟುವ ಜಬಲಾ ಎಂಟು, ಮಳೆಗಾಲವಾದರೆ ಹನ್ನೆರಡು. ತಲೆಯ ಮೇಲಿಂದ ಹಾಕುವ ಅಂಗಿ ಈಗ ಬೇಡ. ಎಳೆಯ ಕತ್ತನ್ನು ಎತ್ತಿ ತೂರಿಸುವುದು ಕಷ್ಟ, ಮೊದಲ ಸಲ ತಾಯಿಯಾದವರಿಗೆ ಅದು ಹೆದರಿಕೆ ಕೂಡ. ಕಟ್ಟುವ ದಾರ ಎದೆಯ ಪಕ್ಕದಲ್ಲಿರಬೇಕು, ಕತ್ತಿನ ಸುತ್ತ ಉದ್ದ ದಾರ ಇರಲೇಬಾರದು.

ಕುಲಾವಿ ಮೂರು, ಕಾಲುಚೀಲ ಮೂರು ಜೊತೆ. ಕೈಗವಸು ಒಂದೆರಡು ಜೊತೆ ಇರಲಿ, ಆದರೆ ದಿನವಿಡೀ ಹಾಕಬೇಡಿ. ಹಸಿವಾದಾಗ ಮಗು ಕೈಯನ್ನು ಬಾಯಿಗೆ ತರುತ್ತದೆ. ಅದು ಅಳುವ ಮೊದಲೇ ಅಮ್ಮನಿಗೆ ಸಿಗುವ ಸೂಚನೆ. ಕೈಗವಸಿನೊಳಗೆ ಅದು ಮರೆಯಾಗುತ್ತದೆ. ಉಗುರು ಪರಚುತ್ತದೆ ಎಂದಾದರೆ ಮಗು ಮಲಗಿದ್ದಾಗ ಉಗುರು ತೆಗೆಯಿರಿ.

ಸುತ್ತುವ ಮಲ್‌ಮಲ್ ದುಪಟೆ ಆರು ಸಾಕು. ಸುತ್ತುವಾಗ ಕೈ, ಎದೆಯ ಹತ್ತಿರ ಹಿತವಾಗಿರಲಿ, ಸೊಂಟದಿಂದ ಕೆಳಗೆ ಸಡಿಲವಾಗಿರಲಿ. ಕಾಲುಗಳನ್ನು ನೇರ ಎಳೆದು ಬಿಗಿಯಾಗಿ ಕಟ್ಟಿದರೆ ಸೊಂಟದ ಕೀಲು ಜರುಗುವ ಅಪಾಯವಿದೆ. ಮಗು ಒಳಗೆ ಕಪ್ಪೆಯಂತೆ ಕಾಲು ಮಡಚಿಕೊಳ್ಳಲು ಜಾಗವಿರಬೇಕು.

ಎಷ್ಟು ಬೆಚ್ಚಗೆ ಇಡಬೇಕು? ನಿಮಗೆ ಹಿತವೆನಿಸುವ ಬಟ್ಟೆಗಿಂತ ಮಗುವಿಗೆ ಒಂದು ಪದರ ಜಾಸ್ತಿ ಎನ್ನುವುದು ಸುಲಭದ ಲೆಕ್ಕ. ಮೇ ತಿಂಗಳ ಮುಂಬಯಿಯಲ್ಲಿ ಫ್ಯಾನಿನ ಕೆಳಗೆ ಅದು ಒಂದು ತೆಳು ಜಬಲಾ, ಮೇಲೊಂದು ದುಪಟೆ, ಅಷ್ಟೇ. ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಅಂಗೈ, ಅಂಗಾಲು ತಣ್ಣಗಿದ್ದ ಮಾತ್ರಕ್ಕೆ ಮಗುವಿಗೆ ಚಳಿ ಎಂದಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ, ಆಸ್ಪತ್ರೆಯ ಎಸಿಯಲ್ಲಿ ಕುಲಾವಿ ಬೇಕು. ಮನೆಯ ಸೆಕೆಯಲ್ಲಿ ಮಲಗಿಸುವಾಗ ಬೇಡ. ತೂಕ ಕಡಿಮೆ ಇರುವ, ದಿನ ತುಂಬದೆ ಹುಟ್ಟಿದ ಮಗುವಾದರೆ ಈ ವಿಷಯದಲ್ಲಿ ಡಾಕ್ಟರು ಹೇಳಿದ್ದೇ ಅಂತಿಮ.

ಕೌದಿಯ ಬಗ್ಗೆ ನಮ್ಮವರಿಗೆ ಪ್ರೀತಿ ಜಾಸ್ತಿ, ನನಗೂ ಇದೆ. ನಾಲ್ಕೈದು ಪದರದ್ದು ಒಂದೇ ಇರಲಿ, ಬಿಸಿಲಿನ ತಿಂಗಳಿಗೆ. ದಿನಬಳಕೆಗೆ ಎರಡು ಪದರದ ಸಣ್ಣ ಕೌದಿ ನಾಲ್ಕು ಹೊಲಿಯಿರಿ, ಮಳೆಯಲ್ಲೂ ಒಣಗುತ್ತವೆ. ಅದು ಮಗುವಿನ ಕೆಳಗೆ ಬಿಗಿಯಾಗಿ ಹಾಸುವುದಕ್ಕೆ. ಮಗು ಮಲಗಿದಾಗ ಮುಖದ ಹತ್ತಿರ ಸಡಿಲ ಹೊದಿಕೆ, ಸುತ್ತಲೂ ದಿಂಬು ಇಡಬೇಡಿ. ತಲೆ ಗುಂಡಗಾಗಲಿ ಎಂದು ಕೊಡುವ ಸಾಸಿವೆ ದಿಂಬೂ ಬೇಡ. ಗಟ್ಟಿ ಹಾಸಿಗೆ, ಅಂಗಾತ ಮಲಗಿಸುವುದು, ಸುತ್ತ ಏನೂ ಇಲ್ಲದಿರುವುದು. ಉಸಿರುಗಟ್ಟುವ ಅಪಾಯ ತಪ್ಪಿಸಲು ಇದೇ ದಾರಿ.

ಹುಟ್ಟಿದ ಮಗುವಿನ ಅಳತೆ ಎಂದು ಬರೆದ ಬಟ್ಟೆಗಳನ್ನು ಜಾಸ್ತಿ ಕೊಳ್ಳಬೇಡಿ. ಮಗುವಿನ ತೂಕ ದಿನಕ್ಕೆ 25ರಿಂದ 30 ಗ್ರಾಂ ಏರುತ್ತಾ ಹೋಗುತ್ತದೆ. ಒಂದು ಅಳತೆ ದೊಡ್ಡದೇ ತನ್ನಿ.

ಒಂದು ಸುತ್ತು ಒಗೆತ

ಎಂಟನೇ ತಿಂಗಳಲ್ಲೇ ಎಲ್ಲವನ್ನೂ ಒಗೆದು ಮುಗಿಸಿ. ಹೊಸ ಮಲ್‌ಮಲ್‌ನಲ್ಲಿ ಗಂಜಿಯೂ ಹತ್ತಿಯ ಸಹಜ ಎಣ್ಣೆಯೂ ಇರುತ್ತದೆ. ಮೂರು ನಾಲ್ಕು ಸಲ ಬಿಸಿ ನೀರಲ್ಲಿ ಒಗೆದರೆ ಅವು ಹೋಗಿ ಹೀರುವ ಗುಣ ಬರುತ್ತದೆ. ಹಳೆ ಪಂಚೆಗೆ ಒಂದು ಸಲ ಸಾಕು. ವಾಸನೆಯಿಲ್ಲದ ಸೌಮ್ಯ ಸೋಪಿನ ಪುಡಿ ಬಳಸಿ, ಅದೂ ಸ್ವಲ್ಪ. ಬಟ್ಟೆ ಮೆತ್ತಗಾಗಲು ಹಾಕುವ ದ್ರಾವಣ ಬೇಡವೇ ಬೇಡ. ಅದು ಎಳೆಗಳ ಮೇಲೆ ಪದರ ಕಟ್ಟಿ, ಬಟ್ಟೆ ನೀರು ಹೀರದಂತೆ ಮಾಡುತ್ತದೆ.

ಮುಂಬಯಿ ಪಾಲಿಕೆಯ ನೀರು ಕೆರೆಯದು, ಮೃದು. ಅದರಲ್ಲಿ ಸೋಪು ಬೇಗ ನೊರೆ ಕೊಡುತ್ತದೆ, ಸ್ವಲ್ಪವೇ ಸಾಕು. ಬೋರ್‌ವೆಲ್, ಟ್ಯಾಂಕರ್ ನೀರು ಬರುವ ಕಟ್ಟಡಗಳಲ್ಲಿ ಮಾತ್ರ ಲಂಗೋಟಿ ಎರಡೇ ವಾರಕ್ಕೆ ಹಪ್ಪಳದಷ್ಟು ಗಟ್ಟಿ. ಅಂಥ ಕಡೆ ಕೊನೆಯ ಜಾಲಿಸುವಿಕೆಗಾದರೂ ನಲ್ಲಿಯ ಸಿಹಿನೀರು ಇಟ್ಟುಕೊಳ್ಳಿ. ನಿಮ್ಮ ಕಟ್ಟಡದಲ್ಲಿ ನೀರು ಬಿಡುವ ಹೊತ್ತೇ ಲಂಗೋಟಿ ಒಗೆಯುವ ಹೊತ್ತು ಎಂದು ಈಗಲೇ ಗೊತ್ತು ಮಾಡಿ, ಯಾರು ಒಗೆಯುತ್ತಾರೆ ಎನ್ನುವುದನ್ನೂ ತೀರ್ಮಾನಿಸಿ. ಬಾಣಂತಿಯ ಪಾಲಿಗೆ ಅದು ಬರಬಾರದು. ಮಗುವಿನ ಅಪ್ಪ ಕೆಲಸಕ್ಕೆ ಹೊರಡುವ ಮೊದಲು ಮುಗಿಸಬಹುದಾದ ಕೆಲಸ ಇದು.

ಕಟ್ಟುವ ಕ್ರಮ

ಮಗು ಬರುವ ಮುಂಚೆ ಒಂದು ಗೊಂಬೆಗೋ ಸಣ್ಣ ದಿಂಬಿಗೋ ಕಟ್ಟಿ ಕೈ ಪಳಗಿಸಿಕೊಳ್ಳಿ. ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿ ತ್ರಿಕೋನ ಮಾಡಿ. ಉದ್ದದ ಬದಿ ಮೇಲಿರಲಿ, ಚೂಪು ತುದಿ ನಿಮ್ಮ ಕಡೆ ಇರಲಿ. ಸೀರೆಯ ಒಂದು ತುಂಡನ್ನು ನಾಲ್ಕು ಬೆರಳಗಲ ಮಡಿಸಿ ನಡುವೆ ಇಡಿ. ಗಂಡು ಮಗುವಿಗೆ ಮಡಿಕೆಯ ದಪ್ಪ ಮುಂದಕ್ಕೆ, ಹೆಣ್ಣು ಮಗುವಿಗೆ ನಡುವಿನಿಂದ ಹಿಂದಕ್ಕೆ. ಮಗುವಿನ ಸೊಂಟ ಉದ್ದದ ಬದಿಗೆ ಸರಿಯಾಗಿ ಬರುವಂತೆ ಮಲಗಿಸಿ. ಚೂಪು ತುದಿಯನ್ನು ಕಾಲುಗಳ ನಡುವಿನಿಂದ ಮೇಲೆ ತನ್ನಿ. ಹೊಕ್ಕುಳಬಳ್ಳಿ ಇನ್ನೂ ಬಿದ್ದಿಲ್ಲವಾದರೆ ತುದಿಯನ್ನು ಅದರ ಕೆಳಗೇ ಹೊರಮುಖವಾಗಿ ಮಡಚಿ. ಎರಡು ಬದಿಗಳನ್ನು ತಂದು ಸೊಂಟದ ಪಕ್ಕದಲ್ಲಿ ಗಂಟು ಹಾಕಿ, ಹೊಟ್ಟೆಯ ಮೇಲಲ್ಲ. ಗಂಟಿನೊಳಗೆ ನಿಮ್ಮ ಒಂದು ಬೆರಳು ಆಡಬೇಕು. ಪಿನ್ನು ಬೇಡ.

ಹೊಕ್ಕುಳಬಳ್ಳಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಒಣಗಿ ತಾನಾಗಿ ಬೀಳುತ್ತದೆ. ಅಲ್ಲಿಯವರೆಗೆ ಅದಕ್ಕೆ ಗಾಳಿ ಆಡಬೇಕು, ಉಚ್ಚೆ ತಾಗಬಾರದು. ಎಣ್ಣೆ, ಅರಿಶಿನ, ಪುಡಿ ಏನನ್ನೂ ಹಚ್ಚಬೇಡಿ. ಸುತ್ತ ಕೆಂಪಾದರೆ, ಕೀವು ಅಥವಾ ಕೆಟ್ಟ ವಾಸನೆ ಬಂದರೆ ಅಂದೇ ಡಾಕ್ಟರಿಗೆ ತೋರಿಸಿ.

ಆಸ್ಪತ್ರೆಯ ಚೀಲ

ಜಬಲಾ ನಾಲ್ಕು, ಕುಲಾವಿ ಎರಡು, ದುಪಟೆ ನಾಲ್ಕು, ಕಾಲುಚೀಲ ಎರಡು ಜೊತೆ, ಮೆತ್ತನೆ ಟವೆಲ್ ಒಂದು. ಒಂದೊಂದು ಜೊತೆಯನ್ನು ಒಂದೊಂದು ಚೀಲದಲ್ಲಿ ಕಟ್ಟಿಟ್ಟರೆ ನರ್ಸ್ ಕೇಳಿದಾಗ ಹೊರಗಿರುವ ಅಜ್ಜಿ ಹುಡುಕಾಡಬೇಕಿಲ್ಲ. ಲಂಗೋಟಿಯಲ್ಲಿ ಮಾತ್ರ ತೀರ ಹಳೆಯ, ಎಸೆದರೂ ಸರಿ ಎನ್ನುವ ಹತ್ತು ಹನ್ನೆರಡು ತುಂಡು ಇಡಿ. ಮೊದಲ ಎರಡು ಮೂರು ದಿನದ ಕಕ್ಕ ಕಪ್ಪು ಹಸಿರು ಬಣ್ಣದ್ದು, ಅಂಟು. ಒಗೆದರೂ ಕಲೆ ಪೂರ್ತಿ ಹೋಗುವುದಿಲ್ಲ. ಮುಂಚೆಯೇ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದ್ದರೆ ಒರೆಸುವುದು ಸುಲಭ. ಆಸ್ಪತ್ರೆಯವರು ಒಮ್ಮೆ ಬಳಸಿ ಎಸೆಯುವ ಡಯಾಪರನ್ನೇ ಕೇಳಿದರೆ ಕೊಡಿ, ಅದರ ಬಗ್ಗೆ ಬೇಸರ ಬೇಡ. ಬಟ್ಟೆಯ ಲಂಗೋಟಿ ಮನೆಗೆ ಬಂದ ಮೇಲೆ ಶುರು ಮಾಡಿದರೂ ಆಯಿತು.

ಮಳೆಯ ದಿನಗಳ ದಿನಚರಿ

ಕಕ್ಕ ಆದ ಲಂಗೋಟಿಯನ್ನು ಆಗಲೇ ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದು ತೊಳೆಯಿರಿ. ಬಿಸಿ ನೀರು ಮೊದಲೇ ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಆಮೇಲೆ ಹಿಂಡಿ, ತೂತಿರುವ ಒಣ ಬುಟ್ಟಿಯಲ್ಲಿ ಹಾಕಿ. ಬಕೆಟ್ಟಿನ ನೀರಲ್ಲಿ ದಿನವಿಡೀ ನೆನೆಹಾಕುವ ಪದ್ಧತಿ ಬಿಡಿ. ವಾಸನೆ ಬರುತ್ತದೆ, ಸೊಳ್ಳೆ ಬರುತ್ತದೆ. ಮನೆಯಲ್ಲಿ ಓಡಾಡುವ ಇನ್ನೊಂದು ಮಗುವಿದ್ದರೆ ತುಂಬಿದ ಬಕೆಟ್ಟು ಪ್ರಾಣಕ್ಕೇ ಅಪಾಯ. ದಿನಕ್ಕೊಮ್ಮೆ ಬಿಸಿ ನೀರು, ಸೋಪಿನಲ್ಲಿ ಒಗೆದು, ನೊರೆ ಪೂರ್ತಿ ಹೋಗುವ ತನಕ ಜಾಲಿಸಿ. ಡೆಟಾಲ್ ಹಾಕಬೇಕೆಂದಿಲ್ಲ. ಅದರ ಶೇಷ ಉಳಿದರೆ ಎಳೆ ಚರ್ಮ ಉರಿಯುತ್ತದೆ. ಮಷಿನ್ ಇದ್ದರೆ ಕೊನೆಗೆ ಎರಡು ಸಲ ಸ್ಪಿನ್ ಮಾಡಿ, ಅರ್ಧ ಒಣಗುವ ಕೆಲಸ ಅಲ್ಲಿಯೇ ಆಗುತ್ತದೆ.

ಹರವುವಾಗ ಒಂದರ ಮೇಲೊಂದು ಬೇಡ. ಫ್ಯಾನಿನ ಗಾಳಿ ತಾಗುವಂತಿರಲಿ, ಒಂದು ಕಿಟಕಿ ಸ್ವಲ್ಪ ತೆರೆದಿರಲಿ. ಒಣಗಿದ ಮೇಲೆ ಬಿಸಿ ಇಸ್ತ್ರಿ ಎಳೆಯಿರಿ. ಉಳಿದ ತೇವ ಹೋಗುತ್ತದೆ. ಪಿಯುಎಲ್ ಕವರಿಗೆ ಮಾತ್ರ ಇಸ್ತ್ರಿ ತಾಗಿಸಬಾರದು, ಕರಗುತ್ತದೆ. ನಡುವೆ ಒಂದು ದಿನ ಬಿಸಿಲು ಬಿದ್ದರೆ ಎಲ್ಲ ಲಂಗೋಟಿಗಳನ್ನೂ ಹೊರಗೆ ಹಾಕಿ. ಹಳದಿ ಕಲೆಗಳು ಬಿಸಿಲಿಗೇ ಹೋಗುತ್ತವೆ.

ಬಟ್ಟೆ ಒಣಗಿಸಲು, ಬಾಣಂತಿ ಕೋಣೆ ಬೆಚ್ಚಗಿಡಲು ಕೆಂಡದ ಅಗ್ಗಿಷ್ಟಿಕೆ, ಲೋಬಾನದ ಹೊಗೆ ಹಾಕುವ ಪದ್ಧತಿ ಊರಿನಿಂದ ಬಂದ ಹಿರಿಯರಿಗೆ ರೂಢಿ. ಅವರ ಅಕ್ಕರೆಯಲ್ಲಿ ಕೊರತೆಯಿಲ್ಲ. ಆದರೆ ಕಿಟಕಿ ಮುಚ್ಚಿದ ಫ್ಲಾಟಿನ ಸಣ್ಣ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ. ಹೊಗೆ ಎಳೆಯ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. "ಅತ್ತೆ, ಬೆಚ್ಚಗೆ ಇಸ್ತ್ರಿ ಮಾಡಿದ ಬಟ್ಟೆ ಸುತ್ತೋಣ" ಎಂದು ಮೆಲ್ಲಗೆ ಹೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ.

ಚರ್ಮ ಕೆಂಪಾದರೆ

ತೇವದಲ್ಲಿ ಜಾಸ್ತಿ ಹೊತ್ತು ಇದ್ದರೆ ಕೆಂಪಾಗುತ್ತದೆ. ಒದ್ದೆಯಾದ ಕೂಡಲೇ ಬದಲಾಯಿಸಿ, ನೀರಲ್ಲಿ ಅದ್ದಿದ ಬಟ್ಟೆಯಿಂದ ಮುಂದಿನಿಂದ ಹಿಂದಕ್ಕೆ ಒರೆಸಿ, ಒತ್ತಿ ಒಣಗಿಸಿ. ದಿನಕ್ಕೆ ಕೆಲವು ಸಲ ಸ್ವಲ್ಪ ಹೊತ್ತು ಲಂಗೋಟಿಯಿಲ್ಲದೆ ರಬ್ಬರ್ ಶೀಟಿನ ಮೇಲೆ ಬಿಡಿ. ಪೌಡರ್ ಹಾಕಬೇಡಿ, ಅದರ ಧೂಳು ಉಸಿರಿಗೆ ಹೋಗುತ್ತದೆ. ಜಿಂಕ್ ಆಕ್ಸೈಡ್ ಕ್ರೀಮ್ ಹಚ್ಚುವಾಗ ಒಳಗೆ ಒಂದು ಹಳೆ ತುಂಡು ಹಾಕಿ. ಇಲ್ಲದಿದ್ದರೆ ಕ್ರೀಮ್ ಲಂಗೋಟಿಗೆ ಮೆತ್ತಿ ಅದು ಹೀರುವುದನ್ನು ನಿಲ್ಲಿಸುತ್ತದೆ. ಎರಡು ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ, ತೊಡೆಯ ಸಂದಿಯಲ್ಲಿ ಗಾಢ ಕೆಂಪು, ಸುತ್ತ ಸಣ್ಣ ಚುಕ್ಕೆ ಕಂಡರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಮುಂಬಯಿಯ ಮಳೆಗಾಲದಲ್ಲಿ ಅಪರೂಪವೇನಲ್ಲ. ಮನೆಮದ್ದಿಗೆ ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಗುಣವಾಗುವ ತನಕ ಎಲ್ಲ ಲಂಗೋಟಿಗಳನ್ನೂ ಕುದಿಯುವ ನೀರಲ್ಲಿ ಹಾಕಿ ತೆಗೆದು, ಇಸ್ತ್ರಿ ಮಾಡಿ ಬಳಸಿ.

ಮೂರು ತಿಂಗಳ ಹೊತ್ತಿಗೆ 60 ಸೆಂಟಿಮೀಟರಿನ ಚೌಕ ಸೊಂಟಕ್ಕೆ ಸಾಲದೆ ಬರುತ್ತದೆ. ಆಗ ಅವನ್ನು ಉದ್ದಕ್ಕೆ ಮಡಿಸಿ, ಬಟನ್ ಹಾಕುವ ಕವರಿನೊಳಗೆ ಪ್ಯಾಡಿನ ಹಾಗೆ ಇಡಬಹುದು. ಆರು ತಿಂಗಳಾಗಿ ಮಗು ಅನ್ನ, ರಾಗಿ ತಿನ್ನಲು ಶುರು ಮಾಡಿದ ಮೇಲೆ ಕಕ್ಕ ಗಟ್ಟಿಯಾಗುತ್ತದೆ. ಅದನ್ನು ಮೊದಲು ಕಮೋಡಿಗೆ ಉದುರಿಸಿ ಆಮೇಲೆ ತೊಳೆಯಿರಿ. ಬದಲಾಯಿಸುವುದು ದಿನಕ್ಕೆ ಆರೇಳು ಸಲಕ್ಕೆ ಇಳಿಯುತ್ತದೆ, ಹಗ್ಗದ ಮೇಲೂ ಅಷ್ಟೇ ಜಾಗ ಬಿಡುವಾಗುತ್ತದೆ.